ನಕ್ಷೆಯ ಮೂಲೆಯ ಮೂರು ಸಹಿ: ಹಾಸನದ ಒಂದು ರೈಲ್ವೆ ಸಲಹಾ ಕಚೇರಿಯ ವಿಮರ್ಶೆ

ರೈಲ್ವೆ ನಕ್ಷೆಯ ಬಲಗಡೆ ಕೆಳಮೂಲೆಯಲ್ಲಿ ಮೂರು ಸಣ್ಣ ಚೌಕಗಳಿರುತ್ತವೆ: ತಯಾರಿಸಿದವರು, ಪರಿಶೀಲಿಸಿದವರು, ಅನುಮೋದಿಸಿದವರು. ಒಂದು ಸಲಹಾ ಸಂಸ್ಥೆಯ ಒಳಗೆ ಕೆಲಸ ಹೇಗೆ ನಡೆಯುತ್ತದೆ ಅಂತ ತಿಳಿಯಲು ಆ ಚೌಕಗಳನ್ನು ಓದಿದರೆ ಸಾಕು. ಮೂರರಲ್ಲೂ ಒಂದೇ ದಿನಾಂಕವಿದ್ದರೆ ನಡುವಿನವರು ನಕ್ಷೆ ಬಿಚ್ಚಿ ನೋಡಿಲ್ಲ. ವರ್ಷಗಟ್ಟಲೆ ಒಬ್ಬರದೇ ಹೆಸರು ಮೊದಲ ಚೌಕದಲ್ಲೇ ಉಳಿದಿದ್ದರೆ ಅಲ್ಲಿ ಯಾರನ್ನೂ ಬೆಳೆಸುತ್ತಿಲ್ಲ. ಹಾಸನದ ಈ ಕಚೇರಿಯ ನಕ್ಷೆಗಳಲ್ಲಿ ಮೊದಲ ಸಹಿಗೂ ಎರಡನೆಯದಕ್ಕೂ ಮೂರು ನಾಲ್ಕು ದಿನ ಅಂತರ ಇರುತ್ತದೆ. ಪಕ್ಕದ ಪರಿಷ್ಕರಣೆ ಪಟ್ಟಿಯಲ್ಲಿ ಏನು ಬದಲಾಯಿತು, ಯಾಕೆ ಬದಲಾಯಿತು ಎಂದು ಒಂದು ಸಾಲು ಬರೆದಿರುತ್ತದೆ. ಇಷ್ಟು ಉದ್ದ ಬರೆಯಲು ಆ ಸಾಲೇ ಕಾರಣ. ಕೊರತೆಗಳನ್ನೂ ಹೇಳಬೇಕಾಗಿರುವುದರಿಂದ ಸಂಸ್ಥೆಯ ಹೆಸರು ಬಿಟ್ಟಿದ್ದೇವೆ. ಹಾಸನ, ಚಿಕ್ಕಮಗಳೂರು ಕಡೆಯಲ್ಲಿ ಸಿವಿಲ್ ಓದಿ ಇಂಥ ಕೆಲಸ ಹುಡುಕುತ್ತಿರುವವರು ಬೇರೆ ಕಚೇರಿಗಳನ್ನೂ ಇದೇ ಅಳತೆಯಲ್ಲಿ ನೋಡಬಹುದು.

ಇಲ್ಲಿ ಆಗುವುದು ಸರ್ವೆ, ವಿನ್ಯಾಸ, ಆಮೇಲೆ ಕಾಮಗಾರಿಯ ಮೇಲುಸ್ತುವಾರಿ. ಹೊಸ ಮಾರ್ಗಕ್ಕೆ ಮೊದಲು ಪ್ರಾಥಮಿಕ ಸರ್ವೆ, ನಂತರ ಅಂತಿಮ ಸ್ಥಳ ಸರ್ವೆ, ಅದರ ಮೇಲೆ ಡಿಪಿಆರ್ (ವಿವರವಾದ ಯೋಜನಾ ವರದಿ), ಸೇತುವೆಗಳ ಜಿಎಡಿ (ಒಟ್ಟು ರಚನೆಯ ನಕ್ಷೆ), ನಿಲ್ದಾಣಗಳ ಇಎಸ್‌ಪಿ (ಅಳತೆಗೆ ಬರೆದ ಅಂಗಳದ ನಕ್ಷೆ), ಭೂಸ್ವಾಧೀನದ ನಕ್ಷೆ. ಊರೂ ಇದಕ್ಕೆ ಹೊಂದುತ್ತದೆ. ಹಾಸನದಿಂದ ಒಂದು ಹಳಿ ಅರಸೀಕೆರೆಗೆ, ಒಂದು ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ, ಒಂದು ಮೈಸೂರಿಗೆ, ಇನ್ನೊಂದು ಘಾಟಿ ಇಳಿದು ಮಂಗಳೂರಿಗೆ. ಬೆಂಗಳೂರಿನ ನೇರ ಮಾರ್ಗ ಪೂರ್ತಿ ತೆರೆದದ್ದು 2017ರಲ್ಲಿ. ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಬಂದದ್ದು 2013ರಲ್ಲಿ. ಅಲ್ಲಿಂದ ಬೇಲೂರಿನ ಮೇಲೆ ಹಾಸನಕ್ಕೆ ಸೇರಿಸುವ ಮಾರ್ಗ ಈ ಸೀಮೆಯವರು ದಶಕಗಳಿಂದ ಕೇಳುತ್ತಿರುವಂಥದ್ದು. ವಿಭಾಗದ ಕಚೇರಿ ಮೈಸೂರು, ನೈರುತ್ಯ ರೈಲ್ವೆಯ ಕೇಂದ್ರ ಹುಬ್ಬಳ್ಳಿ. ನಕ್ಷೆಯ ಕಟ್ಟು ಹಿಡಿದು ಅನುಮೋದನೆಗೆ ಓಡಾಡುವವರಿಗೆ ಎರಡೂ ರೈಲಿನಲ್ಲೇ ಸಿಗುತ್ತವೆ.

ತಂಡ ದೊಡ್ಡದಲ್ಲ. ನಿವೃತ್ತ ರೈಲ್ವೆ ಎಂಜಿನಿಯರ್ ಒಬ್ಬರು ತಂಡದ ಮುಖ್ಯಸ್ಥರು. ಎರಡು ಸರ್ವೆ ತಂಡ, ಹಳಿ ವಿನ್ಯಾಸಕ್ಕೆ ನಾಲ್ವರು, ಸೇತುವೆಗೆ ಇಬ್ಬರು, ಮಣ್ಣು ಮತ್ತು ನೀರಿನ ಲೆಕ್ಕಕ್ಕೆ ಒಬ್ಬರು, ನಕ್ಷೆ ಬಿಡಿಸಲು ಮೂವರು. ಜಮೀನಿನ ವಿಷಯಕ್ಕೆ ಭೂಮಾಪನ ಇಲಾಖೆಯಿಂದ ನಿವೃತ್ತರಾದ ಒಬ್ಬರಿದ್ದಾರೆ. ಎಲ್ಲರೂ ಅವರನ್ನು ಮೇಷ್ಟ್ರೇ ಅಂತಲೇ ಕರೆಯುತ್ತಾರೆ. ಜೀಪಿನ ಚಾಲಕ, ಸ್ಟಾಫ್ (ಎತ್ತರ ಓದುವ ಅಂಕಿಪಟ್ಟಿ) ಹಿಡಿಯುವವರು ಎಲ್ಲರಿಗೂ ಅಣ್ಣ. ಈ ಅಣ್ಣಂದಿರು ಸ್ಟಾಫನ್ನು ನೆಟ್ಟಗೆ ಹಿಡಿಯದಿದ್ದರೆ ಎಂಥ ದುಬಾರಿ ಉಪಕರಣವೂ ಸರಿಯಾದ ಲೆವೆಲ್ ಕೊಡುವುದಿಲ್ಲ ಎಂಬುದನ್ನು ಹೊಸಬರಿಗೆ ಮೊದಲ ದಿನವೇ ಹೇಳಿಕೊಡುತ್ತಾರೆ. ಊಟಕ್ಕೆ ಕೂರುವಾಗ ಎಂಜಿನಿಯರ್‌ಗೊಂದು ಸಾಲು, ಸಹಾಯಕರಿಗೊಂದು ಸಾಲು ಎಂಬ ಪದ್ಧತಿ ಇಲ್ಲಿ ಇಲ್ಲ. ಬೇರೆ ಕ್ಯಾಂಪುಗಳನ್ನು ಕಂಡವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಹೊಸದಾಗಿ ಸೇರಿದವರನ್ನು ಮೊದಲ ಆರು ತಿಂಗಳು ಕಂಪ್ಯೂಟರ್ ಮುಂದೆ ಕೂರಿಸುವುದಿಲ್ಲ, ಬಯಲಿಗೆ ಕಳಿಸುತ್ತಾರೆ. ಶುರು ಎತ್ತರದ ವ್ಯತ್ಯಾಸ ಅಳೆಯುವ ಉಪಕರಣವಾದ ಆಟೋ ಲೆವೆಲ್‌ನಿಂದ. ಪ್ರತಿ ಸೋಮವಾರ ಬೆಳಿಗ್ಗೆ ಎರಡು ಗೂಟದ ಪರೀಕ್ಷೆ: 60 ಮೀಟರ್ ಅಂತರದಲ್ಲಿ ಎರಡು ಗೂಟ ಹೊಡೆದು, ಉಪಕರಣವನ್ನು ಸರಿಯಾಗಿ ನಡುವೆ ಇಟ್ಟು ಒಮ್ಮೆ, ಒಂದು ಗೂಟದ ಹತ್ತಿರ ಇಟ್ಟು ಇನ್ನೊಮ್ಮೆ ಓದುವುದು. ನಡುವೆ ಇಟ್ಟಾಗ ಉಪಕರಣದ ದೋಷ ಎರಡೂ ಕಡೆ ಸಮನಾಗಿ ಕಳೆದುಹೋಗುತ್ತದೆ, ಬದಿಗೆ ಇಟ್ಟಾಗ ಎದ್ದು ಕಾಣುತ್ತದೆ. ಎರಡು ಉತ್ತರಗಳ ವ್ಯತ್ಯಾಸ ಮೂರು ಮಿಲಿಮೀಟರ್ ದಾಟಿದರೆ ಆ ಉಪಕರಣ ಅವತ್ತು ಹೊರಗೆ ಹೋಗುವುದಿಲ್ಲ. ಕ್ಷೇತ್ರ ಪುಸ್ತಕವನ್ನು ಪೆನ್ನಿನಲ್ಲೇ ಬರೆಯಬೇಕು, ತಪ್ಪಾದರೆ ಒಂದು ಗೆರೆ ಎಳೆದು ಮೇಲೆ ಬರೆಯಬೇಕು, ರಬ್ಬರ್ ಮುಟ್ಟಬಾರದು. ಅಳಿಸಿದ ಅಂಕಿ ಯಾವುದಾಗಿತ್ತು ಅಂತ ತಿಂಗಳ ಮೇಲೆ ಯಾರೂ ಹೇಳಲಾರರು. ಗೆರೆ ಎಳೆದ ಅಂಕಿ ಅಲ್ಲೇ ಇರುತ್ತದೆ, ಎಷ್ಟೋ ಸಲ ಅದೇ ಸರಿಯಾಗಿರುತ್ತದೆ.

ಹೊರಟ ಬೆಂಚ್ ಮಾರ್ಕಿಗೇ (ಎತ್ತರ ಗೊತ್ತಿರುವ ಗುರುತಿಗೇ) ವಾಪಸ್ ಬಂದು ಕೂಡಿಸಿದಾಗ ಉಳಿಯುವ ವ್ಯತ್ಯಾಸಕ್ಕೆ ಇಟ್ಟುಕೊಂಡಿರುವ ಮಿತಿ, ಕಿಲೋಮೀಟರಿನ ವರ್ಗಮೂಲದ 12 ಪಟ್ಟು ಮಿಲಿಮೀಟರ್. ನಾಲ್ಕು ಕಿ.ಮೀ. ಸುತ್ತಿಗೆ 24 ಮಿ.ಮೀ. ಇದಕ್ಕಿಂತ ಹೆಚ್ಚು ಬಂದರೆ ಇಡೀ ಸುತ್ತನ್ನು ಮತ್ತೆ ಮಾಡಬೇಕು. ತಂಡದ ಗುಣ ಕಾಣುವುದು ಇಂಥ ಹೊತ್ತಿನಲ್ಲಿ. ಸಂಜೆ ಆರಕ್ಕೆ ಕ್ಯಾಂಪಿಗೆ ಬಂದ ಹುಡುಗ, 'ಸರ್, 41 ಬರ್ತಿದೆ, ಕೂಡ್ತಿಲ್ಲ' ಅಂದಾಗ ಎದುರಿನಿಂದ ಬರುವ ಮಾತು ಏನು? ಬೈದರೆ, ಮುಂದಿನ ಸಲ ಅವನು ಯಾವುದಾದರೂ ಎರಡು ಓದಿನಲ್ಲಿ ಹತ್ತತ್ತು ಮಿಲಿಮೀಟರ್ ತಿದ್ದಿ ಕೂಡಿಸಿಕೊಂಡು ಬರುತ್ತಾನೆ. ಆ ಇಪ್ಪತ್ತು ಮಿಲಿಮೀಟರ್ ಯಾರಿಗೂ ತಿಳಿಯದೆ ಡಿಪಿಆರ್ ಸೇರುತ್ತದೆ. ಈ ಕಚೇರಿಯಲ್ಲಿ ಮತ್ತೆ ಮಾಡುವ ಲೆವೆಲಿಂಗನ್ನು ಯಾರ ಹೆಸರಿಗೂ ಹಚ್ಚುವುದಿಲ್ಲ, ಕಾರ್ಯಕ್ರಮದಲ್ಲಿ ಮೊದಲೇ ಐದು ದಿನಕ್ಕೊಂದು ದಿನ ಅದಕ್ಕೆಂದೇ ಬಿಟ್ಟಿರುತ್ತಾರೆ. ಎಲ್ಲಿ ತಪ್ಪಿತು ಅಂತ ಕೂತು ಹುಡುಕುತ್ತಾರೆ. ಹೆಚ್ಚಾಗಿ ಸಿಗುವ ಕಾರಣಗಳು ಮೂರು: ಕೆಸರಿನಲ್ಲಿ ಕಬ್ಬಿಣದ ತಟ್ಟೆ ಇಡದೆ ಸ್ಟಾಫ್ ನಿಲ್ಲಿಸಿ ಅದು ಕುಸಿದಿರುವುದು, ಹಿಂದಿನ ನೋಟಕ್ಕೂ ಮುಂದಿನ ನೋಟಕ್ಕೂ ದೂರ ಸಮ ಇಲ್ಲದಿರುವುದು, ನೆತ್ತಿಬಿಸಿಲಿನಲ್ಲಿ ನೆಲದ ಕಾವಿಗೆ ಗೆರೆಗಳು ಕುಣಿಯುತ್ತಿದ್ದಾಗ ಓದಿರುವುದು.

ಕಿರಣ ಬಿಟ್ಟು ದೂರ, ಕೋನ ಅಳೆಯುವ ಟೋಟಲ್ ಸ್ಟೇಷನ್‌ನಲ್ಲಿ ಆ ಕಿರಣ ಮರಳಿಸುವ ಪ್ರಿಸಮ್ಮಿನ ಸ್ಥಿರಾಂಕದ (ಅಳತೆಗೆ ಸೇರಿಸುವ ತಿದ್ದುಪಡಿ ಅಂಕಿಯ) ತಪ್ಪು ಹಳೆಯ ರೋಗ. ಒಂದು ಕಂಪನಿಯ ಉಪಕರಣಕ್ಕೆ ಇನ್ನೊಂದು ಕಂಪನಿಯ ಪ್ರಿಸಮ್ ಹಾಕಿ, ಒಳಗಿನ ಅಂಕಿ ಬದಲಾಯಿಸದಿದ್ದರೆ ಪ್ರತಿ ಅಳತೆಗೂ 30 ಮಿ.ಮೀ. ಆಸುಪಾಸು ಏರುಪೇರಾಗುತ್ತದೆ. ಒಂದು ಅಳತೆಯಲ್ಲಿ ಇದು ಕಾಣಿಸುವುದಿಲ್ಲ, ಇಪ್ಪತ್ತು ಅಳತೆ ಕೂಡಿದರೆ 60 ಸೆಂ.ಮೀ. ಇಲ್ಲಿ ಪ್ರಿಸಮ್ ಡಬ್ಬಿಯ ಮೇಲೇ ಅಂಕಿಯನ್ನು ಬಣ್ಣದಲ್ಲಿ ಬರೆದಿಟ್ಟಿದ್ದಾರೆ. ಇನ್ನೂ ದೊಡ್ಡ ಗುಂಡಿ ಉಪಗ್ರಹದಿಂದ ಸ್ಥಾನ ಗುರುತಿಸುವ ಡಿಜಿಪಿಎಸ್‌ನಲ್ಲಿದೆ. ಉಪಗ್ರಹ ಕೊಡುವ ಎತ್ತರ ಸಮುದ್ರಮಟ್ಟದಿಂದ ಅಳೆದದ್ದಲ್ಲ. ದಕ್ಷಿಣ ಕರ್ನಾಟಕದಲ್ಲಿ ಎರಡರ ನಡುವೆ ಎಂಬತ್ತು ಮೀಟರಿಗೂ ಹೆಚ್ಚು ವ್ಯತ್ಯಾಸ ಇದೆ, ಅದೂ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಹಾಗಾಗಿ ಸರ್ವೆ ಆಫ್ ಇಂಡಿಯಾದ ಬೆಂಚ್ ಮಾರ್ಕಿನಿಂದ ಲೆವೆಲ್ ಹೊತ್ತು ತರದೆ ಡಿಜಿಪಿಎಸ್ ಎತ್ತರವನ್ನು ಏರು ಇಳಿತದ ನಕ್ಷೆಗೆ ಬಳಸುವುದನ್ನು ಇಲ್ಲಿ ನಿಷೇಧಿಸಿದ್ದಾರೆ.

ಅದೇ ರೀತಿ ನಕ್ಷೆಯ ದೂರ ಮತ್ತು ನೆಲದ ದೂರ. ಯುಟಿಎಂ ಎಂಬ ನಕ್ಷಾ ಪದ್ಧತಿಯ 43ನೇ ವಲಯದ ನಡುಗೆರೆ 75 ಡಿಗ್ರಿ ರೇಖಾಂಶ, ಹಾಸನ ಅದಕ್ಕೆ ಹತ್ತಿರ. ಜೊತೆಗೆ ಊರು ಸಮುದ್ರಮಟ್ಟಕ್ಕಿಂತ ಸುಮಾರು 950 ಮೀಟರ್ ಮೇಲೆ. ಎರಡೂ ಸೇರಿ ಇಲ್ಲಿ ನಕ್ಷೆಯ ಒಂದು ಕಿಲೋಮೀಟರ್ ನೆಲದ ಮೇಲಿನದಕ್ಕಿಂತ 35ರಿಂದ 40 ಸೆಂ.ಮೀ. ಕಡಿಮೆ ಬರುತ್ತದೆ. 30 ಕಿ.ಮೀ. ಮಾರ್ಗಕ್ಕೆ ಅದು 10 ಮೀಟರ್ ದಾಟುತ್ತದೆ. ಇದನ್ನು ಮರೆತವರ ಮೋರಿಗಳು ಹಳ್ಳ ಬಿಟ್ಟು ಪಕ್ಕದ ಗದ್ದೆಯಲ್ಲಿ ಬರುತ್ತವೆ. ಯಾವ ಗುಣಕ ಬಳಸಿದೆ ಅಂತ ಪ್ರತಿ ನಕ್ಷೆಯ ಟಿಪ್ಪಣಿಯಲ್ಲಿ ಬರೆಯುವ ರೂಢಿ ಈ ಕಚೇರಿಯಲ್ಲಿದೆ. ಬಹಳ ಕಚೇರಿಗಳಲ್ಲಿ ಇರುವುದಿಲ್ಲ.

ಬೇಲೂರು, ಆಲೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಸರ್ವೆ ಮಾಡುವುದಕ್ಕೆ ಬೇರೆಯದೇ ಶಿಸ್ತು ಬೇಕು, ಅದನ್ನು ಇಲ್ಲಿ ಚೆನ್ನಾಗಿ ಕಲಿಸುತ್ತಾರೆ. ಗೇಟಿನಲ್ಲಿ ಚೀಟಿ ತೋರಿಸಿ ನುಗ್ಗುವುದಿಲ್ಲ. ಹಿಂದಿನ ದಿನವೇ ಮನೆಗೆ ಹೋಗಿ, 'ಗೌಡ್ರೇ, ನಾಳೆ ಬೆಳಿಗ್ಗೆ ನಾಲ್ಕು ಜನ ಬರ್ತೀವಿ, ಗಿಡ ಮುಟ್ಟಲ್ಲ, ಗೂಟ ಮಾತ್ರ ಹೊಡೀತೀವಿ, ಯಾವ ದಾರೀಲಿ ಬರೋಣ ನೀವೇ ಹೇಳಿ' ಅಂತ ಕೇಳುತ್ತಾರೆ. ಹಣ್ಣು ಕೊಯ್ಲಿನ ಡಿಸೆಂಬರ್, ಜನವರಿಯಲ್ಲಿ ಆಳುಗಳು ಸಾಲಿನಲ್ಲಿರುವಾಗ ದಾರಿಗೆ ಅಡ್ಡ ಬರುವುದಿಲ್ಲ. ಹೂಮಳೆ ಬಿದ್ದು ಕಾಫಿ ಹೂವಾದ ವಾರದಲ್ಲಿ ಗಿಡಗಳ ನಡುವೆ ಕಾಲಿಡುವುದಿಲ್ಲ, ಆ ವಾರ ರಸ್ತೆ ಬದಿಯ ಕೆಲಸ ಇಟ್ಟುಕೊಳ್ಳುತ್ತಾರೆ. ಮರದ ಗೂಟ ತೋಟದಲ್ಲಿ ನಾಲ್ಕು ದಿನ ಉಳಿಯುವುದು ಕಷ್ಟ. ಆದ್ದರಿಂದ ಮುಖ್ಯ ಬಿಂದುಗಳನ್ನು ತೋಟದ ಹೊರಗೆ ಕಾಂಕ್ರೀಟ್ ಕಂಬದಲ್ಲಿ ಕೂರಿಸಿ, ಕನಿಷ್ಠ ಮೂರು ಕದಲದ ಗುರುತುಗಳಿಂದ ಅಳತೆ ಬರೆದಿಡುತ್ತಾರೆ. ಆನೆ ಓಡಾಟದ ಮಾಹಿತಿ ಅರಣ್ಯ ಇಲಾಖೆಯವರಿಂದ ಬೆಳಿಗ್ಗೆಯೇ ಕೇಳಿಕೊಳ್ಳುವುದು ಕಡ್ಡಾಯ, ಐದು ಗಂಟೆಯ ಮೇಲೆ ತೋಟದೊಳಗೆ ಯಾರೂ ಇರುವಂತಿಲ್ಲ. ಗುರಿ ಮುಗಿಯಲಿಲ್ಲ ಅಂತ ಈ ನಿಯಮವನ್ನು ಸಡಿಲಿಸುವುದಿಲ್ಲ.

ಘಾಟಿ ಕೆಲಸ ಈ ಕಚೇರಿಯ ನಿಜವಾದ ಪಾಠಶಾಲೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿ.ಮೀ., 57 ಸುರಂಗ, 1:50ರ ಇಳಿತ (50 ಮೀಟರಿಗೆ ಒಂದು ಮೀಟರ್). ಮೀಟರ್ ಗೇಜಿನಲ್ಲಿ 1979ರಲ್ಲಿ ತೆರೆದ ಮಾರ್ಗ. ಬ್ರಾಡ್ ಗೇಜ್ ಆದ ಮೇಲೆ ಗೂಡ್ಸ್ 2006ರಲ್ಲಿ, ಪ್ರಯಾಣಿಕ ರೈಲು 2007ರ ಕೊನೆಯಲ್ಲಿ ಓಡಿತು. 2018ರ ಆಗಸ್ಟ್ ಮಳೆಯಲ್ಲಿ ಹತ್ತಾರು ಕಡೆ ಗುಡ್ಡ ಜಾರಿತು. 2024ರ ಜುಲೈ ಕೊನೆಯಲ್ಲಿ ಕಡಗರವಳ್ಳಿ ಮತ್ತು ಎಡಕುಮೇರಿ ನಡುವೆ ಹಳಿಯ ಕೆಳಗಿನ ಮಣ್ಣೇ ಸರಿದು ಪ್ರಯಾಣಿಕ ರೈಲುಗಳು ಹತ್ತು ದಿನಕ್ಕೂ ಹೆಚ್ಚು ನಿಂತವು. ಇಂಥ ಕಡೆ ಇಳಿಜಾರಿನ ವಿನ್ಯಾಸ ಕಲಿಸುವಾಗ ಮೊದಲು ತೋರಿಸುವುದು ತಂತಿಬಲೆಯಲ್ಲಿ ಕಲ್ಲು ತುಂಬಿದ ಗೇಬಿಯನ್ ಗೋಡೆಯನ್ನಲ್ಲ, ಹಳಿಗಾಗಿ ಗುಡ್ಡ ಕಡಿದ ಕಟಿಂಗ್ ಮೇಲಿನ ನೀರುಗಾಲುವೆಯನ್ನು. ಅಂಚಿಗೆ ತೀರಾ ಹತ್ತಿರ ತೋಡಿ, ಕಲ್ಲು ಕಟ್ಟದೆ ಬಿಟ್ಟ ಕಾಲುವೆ ನೀರನ್ನು ಆಚೆ ಸಾಗಿಸುವ ಬದಲು ಗುಡ್ಡದ ಹೊಟ್ಟೆಗೇ ಇಳಿಸುತ್ತದೆ. ಮೇಲೆ ಜಂಬಿಟ್ಟಿಗೆ ಗಟ್ಟಿಯಾಗಿ ಕಂಡರೂ ಅದರ ಕೆಳಗೆ ಶೇಡಿ ಮಣ್ಣು ಸಿಕ್ಕಿದರೆ ಒಣಗಿದಾಗ ಗೋಡೆಯಂತೆ ನಿಂತು, ನೆನೆದ ಮೇಲೆ ಗಂಜಿಯಂತೆ ಹರಿಯುತ್ತದೆ. ಆದ್ದರಿಂದ ಮಣ್ಣಿನ ಪರೀಕ್ಷೆಯನ್ನು ನೆನೆಸಿದ ಸ್ಥಿತಿಯಲ್ಲೂ ಮಾಡಿಸಬೇಕು. ಬೇಸಿಗೆಯಲ್ಲಿ ತೆಗೆದ ಒಣ ಮಾದರಿಯ ಬಲ ನಂಬಿ ಇಳಿಜಾರನ್ನು ಕಡಿದಾಗಿಸಿದ ವಿನ್ಯಾಸ ಮೊದಲ ದೊಡ್ಡ ಮಳೆಗೇ ಬೀಳುತ್ತದೆ.

ರೈಲು ಓಡುವ ಹಳಿಯ ಪಕ್ಕ ಅಳತೆ ಮಾಡಲು ಪಿ-ವೇ (ಹಳಿದಾರಿ) ವಿಭಾಗದ ಸೀನಿಯರ್ ಸೆಕ್ಷನ್ ಎಂಜಿನಿಯರ್ ಅವರ ಲಿಖಿತ ಒಪ್ಪಿಗೆ ಬೇಕು. ತಂಡದಲ್ಲಿ ಒಬ್ಬರು ಅಳತೆಗೆ ಕೈ ಹಾಕದೆ ಸೀಟಿ ಹಿಡಿದು ಕಾವಲು ನಿಲ್ಲಬೇಕು. ಅದು ಕೆಲಸ ಇಲ್ಲದವರ ಕೆಲಸ ಅಂತ ಭಾವಿಸದಂತೆ ದಿನಕ್ಕೊಬ್ಬರಂತೆ ಹಿರಿಯರೂ ಸರದಿ ನಿಲ್ಲುತ್ತಾರೆ. ಸುರಂಗದೊಳಗೆ ಹೋಗುವ ಮುನ್ನ ಹತ್ತಿರದ ಆಶ್ರಯ ಗೂಡು ಎಲ್ಲಿದೆ ಅಂತ ಪ್ರತಿಯೊಬ್ಬರೂ ಬಾಯಿಬಿಟ್ಟು ಹೇಳಬೇಕು. ಲೋಹದ ಟೇಪನ್ನು ಎರಡು ಹಳಿಗೆ ಅಡ್ಡಲಾಗಿ ಹಾಕಬಾರದು, ಹಳಿಯಲ್ಲಿ ವಿದ್ಯುತ್ ಹರಿಸಿ ರೈಲು ಇರುವುದನ್ನು ತಿಳಿಯುವ ಟ್ರ್ಯಾಕ್ ಸರ್ಕ್ಯೂಟ್ ಇರುವಲ್ಲಿ ಸಿಗ್ನಲ್ ಕೆಂಪಾಗುತ್ತದೆ. ವಿದ್ಯುತ್ ತಂತಿಯ ಕೆಳಗೆ ಲೋಹದ ಸ್ಟಾಫ್ ಎತ್ತುವಂತಿಲ್ಲ, ಅಲ್ಲಿ ಫೈಬರ್ ಸ್ಟಾಫ್ ಮಾತ್ರ.

ಈಗ ಟೇಬಲ್ ಕೆಲಸಕ್ಕೆ ಬರೋಣ. ಪರಿಶೀಲನೆಯ ವಿಧಾನವೇ ಇಲ್ಲಿಯ ಸಂಸ್ಕೃತಿ ಅನ್ನಬೇಕು. ಪರಿಶೀಲಿಸುವವರು ವಿನ್ಯಾಸ ಮಾಡಿದವರ ಎಕ್ಸೆಲ್ ಹಾಳೆಯನ್ನು ತೆರೆಯುವುದಿಲ್ಲ. ತೆರೆದರೆ ಅದೇ ಸೂತ್ರ, ಅದೇ ತಪ್ಪು, ಅದೇ ಉತ್ತರ. ಅವರು ಮೂರು ಜಾಗ ಆರಿಸಿ ಕೈಯಲ್ಲೇ ಲೆಕ್ಕ ಹಾಕುತ್ತಾರೆ: ಅತಿ ಚೂಪು ತಿರುವು, ಅತಿ ಎತ್ತರದ ಏರಿ, ಒಂದು ನಿಲ್ದಾಣ.

ತಿರುವಿನಲ್ಲಿ ಹೊಸಬರು ಮರೆಯುವುದು ಏರಿನ ಪರಿಹಾರ. ತಿರುವಿನಲ್ಲಿ ಗಾಲಿಗಳು ಹಳಿಗೆ ಉಜ್ಜುವುದರಿಂದ ಎಂಜಿನ್ನಿಗೆ ಹೊರೆ ಹೆಚ್ಚು. ಅಷ್ಟು ಏರನ್ನು ಅಲ್ಲಿ ತಗ್ಗಿಸಬೇಕು. ಬ್ರಾಡ್ ಗೇಜಿನಲ್ಲಿ ತಿರುವಿನ ಚೂಪನ್ನು ಹೇಳುವ ಡಿಗ್ರಿ ಒಂದಕ್ಕೆ ಶೇಕಡಾ 0.04. ಗರಿಷ್ಠ ಏರು 1:100 ಅಂತ ನಿಗದಿಯಾದ ಮಾರ್ಗದಲ್ಲಿ 4 ಡಿಗ್ರಿ ತಿರುವು ಬಂದರೆ ಶೇಕಡಾ 0.16 ಕಳೆದು 0.84 ಮಾತ್ರ ಕೊಡಬಹುದು, ಅಂದರೆ 1:119. ಕಂಪ್ಯೂಟರಿನಲ್ಲಿ ಏರಿನ ಗೆರೆಯನ್ನೂ ತಿರುವಿನ ಗೆರೆಯನ್ನೂ ಬೇರೆ ಬೇರೆ ಕಿಟಕಿಯಲ್ಲಿ ಎಳೆಯುವವರಿಗೆ ಎರಡೂ ಒಂದೇ ಜಾಗದಲ್ಲಿ ಸೇರುವುದು ಕಾಣಿಸುವುದಿಲ್ಲ. ತಿರುವಿನಲ್ಲಿ ಒಳಹಳಿಗಿಂತ ಹೊರಹಳಿಗೆ ಕೊಡುವ ಎತ್ತರವೂ ಹಾಗೆಯೇ. 2 ಡಿಗ್ರಿ ತಿರುವಿನ ತ್ರಿಜ್ಯ 875 ಮೀಟರ್. ಅಲ್ಲಿ ಗಂಟೆಗೆ 100 ಕಿ.ಮೀ. ವೇಗಕ್ಕೆ ಸಮತೋಲನದ (ರೈಲು ಒಳಕ್ಕೂ ಹೊರಕ್ಕೂ ಒತ್ತದ) ಎತ್ತರ ಸುಮಾರು 157 ಮಿ.ಮೀ. ಅದರಲ್ಲಿ 75 ಮಿ.ಮೀ. ಕೊರತೆ ಬಿಡಬಹುದು, ಉಳಿದ 82ನ್ನು ಹಳಿಯಲ್ಲಿ ಕೊಡಲೇಬೇಕು. ಪೂರ್ತಿ 157 ಕೊಟ್ಟರೆ ನಿಧಾನವಾಗಿ ಬರುವ ಗೂಡ್ಸ್ ಒಳಹಳಿಯನ್ನು ತಿನ್ನುತ್ತದೆ. ಎಷ್ಟು ಕೊಡಬೇಕೆಂಬುದು ಆ ಮಾರ್ಗದಲ್ಲಿ ಯಾವ ರೈಲು ಹೆಚ್ಚು ಓಡುತ್ತದೆ ಎಂಬುದರ ಮೇಲೆ ನಿಲ್ಲುತ್ತದೆ. ಆ ಪ್ರಶ್ನೆಯನ್ನು ಹೊಸಬರ ಬಾಯಿಂದ ಹೊರಡಿಸುವವರೆಗೂ ಇಲ್ಲಿಯ ಹಿರಿಯರು ಉತ್ತರ ಕೊಡುವುದಿಲ್ಲ.

ನಿಲ್ದಾಣದ ಅಂಗಳಕ್ಕೆ 1:400ಕ್ಕಿಂತ ಹೆಚ್ಚು ಏರು ಸಾಮಾನ್ಯವಾಗಿ ಒಪ್ಪುವುದಿಲ್ಲ, 1:1200 ಇದ್ದರೆ ಒಳ್ಳೆಯದು. ಬಿಟ್ಟ ಬೋಗಿ ತಾನಾಗಿ ಉರುಳಬಾರದಲ್ಲ. ಏರುತಗ್ಗಿನ ನಮ್ಮ ನೆಲದಲ್ಲಿ ಒಂದು ಕಿಲೋಮೀಟರಿಗೂ ಹೆಚ್ಚು ಉದ್ದದ ಸಮತಟ್ಟು ಸಿಗುವುದೇ ಕಷ್ಟ. ಆದ್ದರಿಂದ ಮೊದಲು ನಿಲ್ದಾಣಗಳ ಜಾಗ ಗೊತ್ತು ಮಾಡಿ, ಆಮೇಲೆ ಅವುಗಳ ನಡುವಿನ ಗೆರೆ ಎಳೆಯುವುದು ಇಲ್ಲಿಯ ಕ್ರಮ. ಎರಡು ಹಳಿದಾರಿಗಳ ನಡುಗೆರೆಗಳ ಅಂತರ 5.3 ಮೀಟರ್. ಎತ್ತರದ ಪ್ಲಾಟ್‌ಫಾರ್ಮ್ ಹಳಿಯ ಮಟ್ಟದಿಂದ 760ರಿಂದ 840 ಮಿ.ಮೀ. ಮೇಲೆ, ಹಳಿದಾರಿಯ ನಡುಗೆರೆಯಿಂದ ಅದರ ಅಂಚು 1670ರಿಂದ 1680 ಮಿ.ಮೀ. ಹತ್ತು ಮಿಲಿಮೀಟರ್ ಮಾತ್ರ ಅವಕಾಶ. ಮುಂದೆ ರೈಲ್ವೆ ಸುರಕ್ಷತಾ ಆಯುಕ್ತರು ಪರೀಕ್ಷೆಗೆ ಬಂದಾಗ ಟೇಪ್ ಇಳಿಯುವುದು ಇಂಥ ಕಡೆಗೇ.

ಪರಿಮಾಣ ಪಟ್ಟಿಯನ್ನು ಒಂದು ಕಿಲೋಮೀಟರಿನ ಅಂಕಿಗಳಿಂದ ತೂಗುವ ಅಭ್ಯಾಸವೂ ಮೆಚ್ಚುವಂಥದ್ದು. ಕಿ.ಮೀ.ಗೆ 1660 ಸ್ಲೀಪರ್ ಅಂದರೆ ಒಂದಕ್ಕೆ ನಾಲ್ಕರಂತೆ ಹಳಿ ಬಿಗಿಯುವ 6640 ಕ್ಲಿಪ್, ಅಷ್ಟೇ ಲೈನರ್, 3320 ರಬ್ಬರ್ ಪ್ಯಾಡ್. ಮೀಟರಿಗೆ 60 ಕೆ.ಜಿ. ತೂಗುವ ಹಳಿ ಎರಡು ಬದಿಗೂ ಸೇರಿ 120 ಟನ್. ಪಟ್ಟಿಯಲ್ಲಿ ಕ್ಲಿಪ್ ಸಂಖ್ಯೆ ಲೈನರಿಗೆ ಹೊಂದದಿದ್ದರೆ ಎಲ್ಲೋ ಒಂದು ಸಾಲು ಎರಡು ಸಲ ಸೇರಿದೆ ಅಂತ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ನೀರಿನ ಲೆಕ್ಕದಲ್ಲಿ ಹಾಸನ ಜಿಲ್ಲೆ ಸುಲಭದ ನೆಲವಲ್ಲ. ಪಶ್ಚಿಮದ ತುದಿಯಲ್ಲಿ ಸುರಿಯುವ ಮಳೆಗೂ ಅರಸೀಕೆರೆ ಕಡೆಯ ಮಳೆಗೂ ಹೋಲಿಕೆಯೇ ಇಲ್ಲ, ಒಂದೇ ಮಾರ್ಗಕ್ಕೆ ಎರಡು ಮೂರು ಮಳೆ ಅಂಕಿ ಬೇಕಾಗುತ್ತದೆ. 25 ಚದರ ಕಿ.ಮೀ.ವರೆಗಿನ ಜಲಾನಯನಕ್ಕೆ (ಮಳೆನೀರು ಹರಿದು ಸೇರುವ ನೆಲಕ್ಕೆ) ರೈಲ್ವೆಯ ಸಂಶೋಧನಾ ಸಂಸ್ಥೆಯಾದ ಆರ್‌ಡಿಎಸ್‌ಒದ ಆರ್‌ಬಿಎಫ್-16 ವಿಧಾನ, ಅದಕ್ಕಿಂತ ದೊಡ್ಡದಕ್ಕೆ ಕೇಂದ್ರ ಜಲ ಆಯೋಗದ ಉಪವಲಯ ವರದಿ. ಸೂತ್ರ ಎಲ್ಲರಿಗೂ ಗೊತ್ತು, ತಪ್ಪುವುದು ಕೆರೆಗಳಲ್ಲಿ. ಒಂದರ ಕೋಡಿ ಇನ್ನೊಂದಕ್ಕೆ ಬೀಳುವ ಕೆರೆಸಾಲುಗಳ ಕೆಳಗೆ ಮೋರಿ ಬಂದರೆ, ಕೆರೆ ತುಂಬಿರುವಾಗ ಅದು ನೀರು ತಡೆಯುತ್ತದೆ ಅಂತ ಲೆಕ್ಕ ಹಿಡಿಯಬಾರದು. ಕೋಡಿ ಬಿದ್ದಾಗಿನ ನೀರು, ಏರಿ ಒಡೆದರೆ ಬರುವ ನೀರು ಎರಡನ್ನೂ ನೋಡಬೇಕು. ಪ್ರವಾಹದ ಮಟ್ಟವನ್ನು ಕನಿಷ್ಠ ಮೂವರು ಹಿರಿಯರನ್ನು ಬೇರೆ ಬೇರೆಯಾಗಿ ಕೇಳಿ, ತೋರಿಸಿದ ಕಲ್ಲಿಗೋ ಮರಕ್ಕೋ ಲೆವೆಲ್ ತೆಗೆದು ಬರೆಯುತ್ತಾರೆ. 'ನೀರು ಎಲ್ಲಿಗೆ ಬಂದಿತ್ತಜ್ಜ' ಅನ್ನುವ ಪ್ರಶ್ನೆಗೆ ಮೂರು ಉತ್ತರ ಮೂವತ್ತು ಸೆಂ.ಮೀ. ಒಳಗೆ ಕೂಡದಿದ್ದರೆ ನಾಲ್ಕನೆಯವರನ್ನು ಹುಡುಕುತ್ತಾರೆ.

ಜಮೀನಿನ ಕೆಲಸ ಮೇಷ್ಟ್ರ ಕೈಯಲ್ಲಿರುವುದು ಈ ತಂಡದ ಭಾಗ್ಯ. ಡ್ರೋನ್ ಚಿತ್ರದ ಮೇಲೆ ಹಳೆಯ ಗ್ರಾಮ ನಕ್ಷೆ ಹಾಸಿದರೆ ಅದು ಹೊಂದುವುದೇ ಇಲ್ಲ. ಊರುಗಳ ಗಡಿ ಕೂಡುವ ಕಲ್ಲುಗಳನ್ನು ನೆಲದ ಮೇಲೆ ಹುಡುಕಿ, ಅವಕ್ಕೆ ಡಿಜಿಪಿಎಸ್ ಬಿಂದು ತೆಗೆದು, ಆಮೇಲೆ ನಕ್ಷೆ ಕೂರಿಸಬೇಕು. ಪಹಣಿ, ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣದ ದಾಖಲೆ), ಟಿಪ್ಪಣಿ (ಮೂಲ ಅಳತೆಯ ಕೈನಕ್ಷೆ) ಮೂರರಲ್ಲೂ ವಿಸ್ತೀರ್ಣ ತಾಳೆಯಾಗಬೇಕು. ಪೋಡಿಯಾಗದ ಸರ್ವೆ ನಂಬರಿನಲ್ಲಿ ಪಹಣಿಗೆ ಆರು ಹೆಸರಿದ್ದು ನೆಲದ ಮೇಲೆ ಯಾರದು ಎಲ್ಲಿ ಅಂತ ಗೊತ್ತಿರುವುದಿಲ್ಲ. ಅಂಥವನ್ನು ಬೇರೆ ಪಟ್ಟಿ ಮಾಡಿ ಮೊದಲೇ ತಹಶೀಲ್ದಾರ್ ಕಚೇರಿಗೆ ಕೊಡುತ್ತಾರೆ. ಸ್ವಾಧೀನದ ಉದ್ದೇಶ ಪ್ರಕಟಿಸುವ ರೈಲ್ವೆ ಕಾಯ್ದೆಯ 20ಎ ಅಧಿಸೂಚನೆಯಲ್ಲಿ ಒಂದು ಹಿಸ್ಸಾ ಬಿಟ್ಟುಹೋದರೆ ಅದಕ್ಕೆ ಮತ್ತೊಂದು ಅಧಿಸೂಚನೆ, ಮತ್ತೆ 30 ದಿನದ ಆಕ್ಷೇಪಣೆ ಅವಧಿ. ಅಷ್ಟರಲ್ಲಿ ಗುತ್ತಿಗೆದಾರರ ಯಂತ್ರಗಳು ಆ ಹೊಲದ ಅಂಚಿನಲ್ಲಿ ನಿಂತಿರುತ್ತವೆ. ಬೇಲೂರು, ಹಳೇಬೀಡು ಸೀಮೆಯಲ್ಲಿ ಇನ್ನೊಂದು ಎಚ್ಚರ ಬೇಕು. ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ದೊಡ್ಡ ದೇವಸ್ಥಾನಗಳು ಎಲ್ಲರಿಗೂ ಕಾಣುತ್ತವೆ. ಊರಾಚೆ ತೆಂಗಿನ ತೋಟದ ನಡುವಿನ ಪುಟ್ಟ ಹೊಯ್ಸಳ ಗುಡಿಯೂ ಪಟ್ಟಿಯಲ್ಲಿರಬಹುದು.

ಬೆಳವಣಿಗೆಯ ವಿಷಯದಲ್ಲಿ ಈ ಕಚೇರಿಗೆ ಐದಕ್ಕೆ ನಾಲ್ಕು ಅಂಕ ಕೊಡಬಹುದು. ಮೊದಲ ವರ್ಷದ ಕೊನೆಗೆ ಮೋರಿಗಳ ನಕ್ಷೆಯ ಮೊದಲ ಚೌಕದಲ್ಲಿ ನಿಮ್ಮ ಸಹಿ ಬರುತ್ತದೆ. ಎರಡು ಮೂರನೆಯ ವರ್ಷ ಮಾರ್ಗದ ಉದ್ದಛೇದ (ಏರು ಇಳಿತದ ನಕ್ಷೆ), ನಿಲ್ದಾಣದ ನಕ್ಷೆ. ನಾಲ್ಕನೆಯ ವರ್ಷದ ಹೊತ್ತಿಗೆ ಸಣ್ಣ ನಕ್ಷೆಗಳಿಗೆ ನಡುವಿನ ಚೌಕ ಸಿಗುತ್ತದೆ. ಆಗ ಬೇರೆಯವರ ತಪ್ಪು ಹುಡುಕುವುದನ್ನು ಕಲಿಯಬೇಕು, ಅದನ್ನು ನೋವಾಗದಂತೆ ಹೇಳುವುದನ್ನೂ ಕಲಿಯಬೇಕು. ಶನಿವಾರ ಮಧ್ಯಾಹ್ನ ಒಂದು ಗಂಟೆ ಆ ವಾರ ರೈಲ್ವೆಯಿಂದ ವಾಪಸ್ ಬಂದ ಟಿಪ್ಪಣಿಗಳನ್ನು ಎಲ್ಲರೂ ಸೇರಿ ಓದುತ್ತಾರೆ. ಯಾರ ನಕ್ಷೆ ಅಂತ ಹೆಸರು ಹೇಳುವುದಿಲ್ಲ, ಟಿಪ್ಪಣಿ ಮಾತ್ರ. ಪುಣೆಯ ಇರಿಸೆನ್ (ರೈಲ್ವೆಯ ಸಿವಿಲ್ ಎಂಜಿನಿಯರಿಂಗ್ ತರಬೇತಿ ಸಂಸ್ಥೆ) ಪ್ರಕಟಿಸುವ ಕೈಪಿಡಿಗಳು, 2020ರ ಪಿ-ವೇ ಮ್ಯಾನುವಲ್ ಮೇಜಿನ ಮೇಲೇ ಇರುತ್ತವೆ. ಅವನ್ನು ಓದಿ ಬಂದವರಿಗೂ ಬರೀ ಸಾಫ್ಟ್‌ವೇರ್ ಕಲಿತು ಬಂದವರಿಗೂ ಎರಡನೆಯ ವರ್ಷದಲ್ಲಿ ಅಜಗಜಾಂತರ. ವರದಿ ಇಂಗ್ಲಿಷಿನಲ್ಲೇ ಬರೆಯಬೇಕು, ವಿಭಾಗದ ಅಧಿಕಾರಿಗಳ ಜೊತೆ ಹಿಂದಿಯೂ ಬೇಕಾಗುತ್ತದೆ. ಆದರೆ ಚರ್ಚೆ ಕನ್ನಡದಲ್ಲಿ ನಡೆಯುವುದರಿಂದ ಹಳ್ಳಿಯ ಕಾಲೇಜಿನಿಂದ ಬಂದವರೂ ಮೊದಲ ವಾರದಿಂದಲೇ ಬಾಯಿ ತೆರೆಯುತ್ತಾರೆ.

ಕೊರತೆಗಳು ಸಣ್ಣವಲ್ಲ. ಸಲಹಾ ಸಂಸ್ಥೆಗೆ ಹಣ ಬರುವುದು ಹಂತ ಹಂತವಾಗಿ: ಆರಂಭಿಕ ವರದಿ, ಮಾರ್ಗದ ಒಪ್ಪಿಗೆ, ನಕ್ಷೆಗಳ ಅನುಮೋದನೆ. ಒಂದು ಹಂತ ತಡವಾದರೆ ಸಂಬಳವೂ ಹತ್ತು ಹದಿನೈದು ದಿನ ಮುಂದೆ ಹೋಗುತ್ತದೆ. ಅದನ್ನು ಮುಂಚಿತವಾಗಿ ಹೇಳುವ ಸೌಜನ್ಯವೂ ಇಲ್ಲ. ನೇಮಕಾತಿ ಪತ್ರ ಯೋಜನೆಯ ಅವಧಿಗೆ ಕಟ್ಟಿಕೊಂಡಿರುತ್ತದೆ, ಮುಂದಿನ ಯೋಜನೆ ಸಿಗದಿದ್ದರೆ ಬೇರೆ ರಾಜ್ಯಕ್ಕೆ ಹೋಗು ಅಂದಾರು. ಟೆಂಡರ್‌ಗಳಲ್ಲಿ ಸಿಬ್ಬಂದಿಯ ಬಯೋಡೇಟಾ ಹಾಕುವಾಗ ಪ್ರತಿ ಸಲವೂ ಒಪ್ಪಿಗೆ ಕೇಳುವುದಿಲ್ಲ. ನಿಮ್ಮ ಹೆಸರು ಎರಡು ಯೋಜನೆಯಲ್ಲಿ ಪೂರ್ಣಾವಧಿ ಅಂತ ಸೇರಿದರೆ ಮುಂದೆ ಉತ್ತರಿಸಬೇಕಾದವರು ನೀವು. ಹಾಗಾಗಿ ಸಹಿ ಮಾಡುವಾಗ ಯೋಜನೆಯ ಹೆಸರು, ದಿನಾಂಕ ಬರೆದೇ ಸಹಿ ಮಾಡಿ. ಎಲ್ಲಕ್ಕಿಂತ ಬೇಸರದ್ದು ಸರ್ವೆ ತಂಡಕ್ಕೆ ಹೆಣ್ಣುಮಕ್ಕಳನ್ನು ಕಳಿಸುವ ವ್ಯವಸ್ಥೆ ಇಲ್ಲದಿರುವುದು. ಕ್ಯಾಂಪಿನಲ್ಲಿ ಬೇರೆ ಕೋಣೆ, ಶೌಚಾಲಯ ಇಲ್ಲವೆಂಬ ಕಾರಣಕ್ಕೆ ಅವರನ್ನು ನೇರ ವಿನ್ಯಾಸಕ್ಕೆ ಹಾಕುತ್ತಾರೆ. ಬಯಲಿನ ಆರು ತಿಂಗಳು ತಪ್ಪಿದರೆ ನಡುವಿನ ಚೌಕ ತಲುಪುವುದು ಎರಡು ವರ್ಷ ತಡ. ಒಂದು ಮನೆ ಬಾಡಿಗೆಗೆ ಹಿಡಿದರೆ ಮುಗಿಯುವ ಸಮಸ್ಯೆ ಇದು, ಇಷ್ಟು ಎಚ್ಚರದ ತಂಡ ಇದನ್ನು ಹೀಗೇ ಬಿಟ್ಟಿರಬಾರದು.

ಸಂದರ್ಶನಕ್ಕೆ ಹೋದಾಗ ಕೇಳಬೇಕಾದ್ದು ಇಷ್ಟು. ಹಿಂದಿನ ತಿಂಗಳು ಅನುಮೋದನೆಗೆ ಕಳಿಸಿದ ಒಂದು ನಕ್ಷೆ ತೋರಿಸುತ್ತೀರಾ? ನನ್ನ ಕೆಲಸ ಪರಿಶೀಲಿಸುವವರು ಯಾರು, ಅವರು ಇದೇ ಊರಿನಲ್ಲಿ ಕೂರುತ್ತಾರಾ? ಲೆವೆಲ್ ಕೂಡದಿದ್ದರೆ ಎಷ್ಟು ದಿನ ಕೊಡುತ್ತೀರಿ? ಪಿಎಫ್, ಅಪಘಾತ ವಿಮೆ ಮೊದಲ ದಿನದಿಂದಲೇ ಇದೆಯಾ? ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನಿಂದಲೋ ಚಿಕ್ಕಮಗಳೂರಿನ ಆದಿಚುಂಚನಗಿರಿಯಿಂದಲೋ ಬರುವವರು ಫಲಿತಾಂಶ ಬಂದ ಕೂಡಲೇ ಮಳೆಗಾಲದಲ್ಲಿ ಸೇರಿಬಿಡುತ್ತಾರೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಇಲ್ಲಿ ಸರ್ವೆ ಹೆಚ್ಚು ಕಮ್ಮಿ ನಿಂತಿರುತ್ತದೆ, ಹಳೆಯ ನಕ್ಷೆ ತಿದ್ದುವ ಕೆಲಸವೇ ಸಿಗುವುದು. ನವೆಂಬರ್ ಮೊದಲ ವಾರಕ್ಕೆ ಸೇರಿದರೆ ಏಪ್ರಿಲ್‌ವರೆಗೆ ಪೂರ್ತಿ ಒಣ ಕಾಲದ ಬಯಲು ಸಿಗುತ್ತದೆ. ಗಟ್ಟಿ ಬೂಟು, ಉದ್ದ ಕಾಲುಚೀಲ ತೆಗೆದುಕೊಂಡು ಬನ್ನಿ. ಆ ಹೊತ್ತಿಗೂ ತೋಟಗಳ ನೆರಳಿನಲ್ಲಿ ಇಂಬಳ ಇರುತ್ತವೆ.